ರೆಂಬ್ರಾಂಟ್ ತನ್ನನ್ನು ಬರೆದುಕೊಂಡ ಮುಖ: ಹಳೆಯ ಆತ್ಮಭಾವಚಿತ್ರದಲ್ಲಿ ಸ್ವಭಾವವನ್ನೂ ಭಾವವನ್ನೂ ಓದುವ ಕ್ರಮ

ವ್ಯಕ್ತಿಯೊಬ್ಬನ ಮುಖವನ್ನು ಬರೆದ ಚಿತ್ರವನ್ನು ನಾವು ಕನ್ನಡದಲ್ಲಿ ಭಾವಚಿತ್ರ ಎನ್ನುತ್ತೇವೆ. ಈ ಹೆಸರೇ ನೋಡುವವರಲ್ಲಿ ಒಂದು ನಿರೀಕ್ಷೆಯನ್ನು ಹುಟ್ಟಿಸಿಬಿಡುತ್ತದೆ. ಮುಖವಿದ್ದ ಮೇಲೆ ಅದರಲ್ಲೊಂದು ಭಾವ ಇರಲೇಬೇಕು, ಚಿತ್ರಕಾರ ತನ್ನನ್ನೇ ಬರೆದುಕೊಂಡಿದ್ದರಂತೂ ಆ ಭಾವ ಅವನ ಅಂತರಂಗದಿಂದ ನೇರವಾಗಿ ಇಳಿದು ಬಂದಿರಬೇಕು ಎಂದು ನಾವು ನಂಬಿಕೊಂಡೇ ಚಿತ್ರದ ಎದುರು ನಿಲ್ಲುತ್ತೇವೆ. ಹಳೆಯ ಆತ್ಮಭಾವಚಿತ್ರಗಳ ಬಗ್ಗೆ ಬರುವ ಬರಹಗಳಲ್ಲಿ ‘ದುಃಖ ತುಂಬಿದ ಕಣ್ಣುಗಳು’, ‘ಬದುಕಿನಲ್ಲಿ ಬೆಂದ ಮುಖ’ ಎಂಬ ಮಾತುಗಳು ಅಷ್ಟು ಸುಲಭವಾಗಿ ಸಿಗುವುದು ಈ ನಂಬಿಕೆಯಿಂದಲೇ. ಅಂಥ ಮಾತು ಸುಳ್ಳೆಂದು ಹೇಳುವುದು ನನ್ನ ಉದ್ದೇಶವಲ್ಲ. ಆ ಮಾತಿಗೆ ಚಿತ್ರದೊಳಗೆ ಆಧಾರವಿದೆಯೇ, ಅಥವಾ ನಾವೇ ಹೊರಗಿನಿಂದ ತಂದು ಹಚ್ಚಿದ್ದೇವೆಯೇ ಎಂದು ಪರೀಕ್ಷಿಸುವ ಒಂದು ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಉದಾಹರಣೆಗೆ ಒಂದೇ ಚಿತ್ರವನ್ನು ಹಿಡಿದು ಹೊರಡೋಣ. ಲಂಡನ್ನಿನ ಕೆನ್‌ವುಡ್ ಹೌಸ್‌ನಲ್ಲಿರುವ, ‘ಎರಡು ವೃತ್ತಗಳಿರುವ ಆತ್ಮಭಾವಚಿತ್ರ’ ಎಂದು ಹೆಸರಾದ, ಹದಿನೇಳನೆಯ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟನ ಕೃತಿ ಅದು. ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ಬರೆದ ಈ ಚಿತ್ರ ಸುಮಾರು 114 ಸೆಂ.ಮೀ. ಎತ್ತರ, 94 ಸೆಂ.ಮೀ. ಅಗಲವಿದೆ. ಚಿತ್ರದ ಮೇಲೆ ಸಹಿಯಿಲ್ಲ, ವರ್ಷವೂ ಇಲ್ಲ. 1665ರಿಂದ 1669ರ ನಡುವೆ ಬರೆದದ್ದೆಂದು ತಜ್ಞರು ಅಂದಾಜು ಮಾಡುತ್ತಾರೆ. ಕಲಾವಿದ 1606ರಲ್ಲಿ ಲೈಡನ್ ನಗರದಲ್ಲಿ ಹುಟ್ಟಿ 1669ರ ಅಕ್ಟೋಬರ್ 4ರಂದು ಆಮ್‌ಸ್ಟರ್‌ಡ್ಯಾಮಿನಲ್ಲಿ ತೀರಿಕೊಂಡವನಾದ್ದರಿಂದ, ಇಲ್ಲಿ ಕಾಣುವುದು ಅರವತ್ತರ ಆಸುಪಾಸಿನ ಮುಖ. ನೀವು ಬೇರೆ ಯಾವುದೇ ಹಳೆಯ ಆತ್ಮಭಾವಚಿತ್ರವನ್ನು ಎತ್ತಿಕೊಂಡರೂ ಕ್ರಮ ಇದೇ. ಈ ಚಿತ್ರವನ್ನು ಆರಿಸಿಕೊಳ್ಳಲು ನನಗಿರುವ ಕಾರಣವೆಂದರೆ, ನೋಡುವವರನ್ನು ದಾರಿ ತಪ್ಪಿಸುವ ಎಲ್ಲ ಆಮಿಷಗಳೂ ಇದರಲ್ಲಿ ಒಟ್ಟಿಗೇ ಇವೆ.

ಹಂತ 1: ಫಲಕವನ್ನು ಓದುವ ಮೊದಲು ಕಂಡದ್ದನ್ನು ಬರೆದುಕೊಳ್ಳಿ

ಚಿತ್ರದ ಪಕ್ಕದಲ್ಲಿರುವ ವಿವರಣೆಯ ಫಲಕವನ್ನು ಓದಬೇಡಿ. ಪರದೆಯ ಮೇಲೆ ನೋಡುತ್ತಿದ್ದರೆ ಚಿತ್ರದ ಕೆಳಗಿನ ಬರಹವನ್ನು ಮುಚ್ಚಿಕೊಳ್ಳಿ. ಕಡಿಮೆಯೆಂದರೂ ಹತ್ತು ನಿಮಿಷ ಸುಮ್ಮನೆ ನೋಡಿ, ನಂತರ ಒಂದು ಹಾಳೆಯನ್ನು ಉದ್ದಕ್ಕೆ ಎರಡು ಭಾಗ ಮಾಡಿಕೊಳ್ಳಿ. ಎಡಭಾಗದಲ್ಲಿ ಕಣ್ಣಿಗೆ ಕಂಡದ್ದು ಮಾತ್ರ ಇರಬೇಕು: ತಲೆಯ ಮೇಲೆ ಬಿಳಿಯ ಟೋಪಿ, ತುಪ್ಪಳದ ಅಂಚಿನ ಕಪ್ಪು ಮೇಲುಡುಪು, ಅದರೊಳಗೆ ಕೆಂಪು ಬಟ್ಟೆ, ಕೈಯಲ್ಲಿ ಬಣ್ಣ ಬೆರೆಸುವ ಹಲಗೆ (ಪ್ಯಾಲೆಟ್), ಕುಂಚಗಳು ಮತ್ತು ಬರೆಯುವಾಗ ಕೈ ಆನಿಸಿಕೊಳ್ಳುವ ಕೋಲು, ಹಿಂದಿನ ತಿಳಿಬಣ್ಣದ ಹಿನ್ನೆಲೆಯಲ್ಲಿ ಪೂರ್ತಿಯಾಗದ ಎರಡು ದೊಡ್ಡ ಬಾಗುಗೆರೆಗಳು. ನಿಮಗೆ ಅನ್ನಿಸಿದ್ದೆಲ್ಲ ಬಲಭಾಗಕ್ಕೆ ಹೋಗಲಿ: ಗಂಭೀರ, ದಣಿದ, ದರ್ಪದ, ಶಾಂತ, ಹೀಗೆ. ‘ಬಳಲಿದ ಕಣ್ಣು’ ಎಂಬ ಮಾತು ಎಡಭಾಗಕ್ಕೆ ನುಸುಳಲು ಹವಣಿಸುತ್ತದೆ, ಅದನ್ನು ಬಿಡಬೇಡಿ. ಕಣ್ಣಿನ ಕೆಳಗೆ ಚರ್ಮ ಜೋತುಬಿದ್ದಿದೆ ಎಂಬುದು ಕಂಡದ್ದು, ಬಳಲಿಕೆ ಎಂಬುದು ಅನ್ನಿಸಿದ್ದು. ಮುಂದಿನ ಹಂತಗಳ ಕೆಲಸವೆಲ್ಲ ಬಲಭಾಗದ ಒಂದೊಂದು ಪದಕ್ಕೂ ಎಡಭಾಗದಲ್ಲಿ ಸಾಕ್ಷಿ ಹುಡುಕುವುದು. ಸಾಕ್ಷಿ ಸಿಗದ ಪದವನ್ನು ಹೊಡೆದುಹಾಕುವುದು.

ಬಲಭಾಗದ ಪದಗಳನ್ನು ವಿಂಗಡಿಸಲು ನಮ್ಮ ಕಾವ್ಯಮೀಮಾಂಸೆಯ ಒಂದು ಹಳೆಯ ಭೇದ ಬಹಳ ನೆರವಿಗೆ ಬರುತ್ತದೆ. ಬಂದು ಹೋಗುವುದು ಸಂಚಾರಿ ಭಾವ, ನೆಲೆನಿಲ್ಲುವುದು ಸ್ಥಾಯಿ ಭಾವ, ಇವು ದೇಹದಲ್ಲಿ ತೋರಿಕೊಳ್ಳುವ ಚಿಹ್ನೆಗಳು ಅನುಭಾವ. ರಸಸಿದ್ಧಾಂತವು ರಂಗಕ್ಕೆ ಹೇಳಿದ್ದನ್ನು ಡಚ್ ಚಿತ್ರಕ್ಕೆ ಇದ್ದಂತೆಯೇ ಅಂಟಿಸಲಾಗದು ಎಂಬುದು ನಿಜ. ಆದರೂ ‘ಈ ಗಳಿಗೆಯ ಮನಃಸ್ಥಿತಿ’ ಮತ್ತು ‘ಈ ಮನುಷ್ಯನ ಸ್ವಭಾವ’ ಎರಡನ್ನೂ ಬೆರೆಸಿಬಿಡುವ ತಪ್ಪಿನಿಂದ ಈ ಭೇದ ನಮ್ಮನ್ನು ಕಾಪಾಡುತ್ತದೆ. ನೀವು ಬರೆದ ಪ್ರತಿ ಪದದ ಪಕ್ಕದಲ್ಲಿ ಅದು ಸಂಚಾರಿಯೋ ಸ್ಥಾಯಿಯೋ ಎಂದು ಗುರುತು ಹಾಕಿ.

ಹಂತ 2: ಕನ್ನಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ಛಾಯಾಚಿತ್ರವಿಲ್ಲದ ಕಾಲದಲ್ಲಿ ತನ್ನನ್ನು ಬರೆದುಕೊಳ್ಳುವವನು ಕನ್ನಡಿಯ ಮುಂದೆ ಗಂಟೆಗಟ್ಟಲೆ ಕೂರಬೇಕಾಗಿತ್ತು ಅಥವಾ ನಿಲ್ಲಬೇಕಾಗಿತ್ತು. ಇದು ಎಲ್ಲರಿಗೂ ಗೊತ್ತಿರುವ ಸಂಗತಿಯಾದರೂ ಚಿತ್ರವನ್ನು ಅರ್ಥೈಸುವಾಗ ಎಲ್ಲರೂ ಮರೆಯುವುದು ಇದನ್ನೇ. ಕನ್ನಡಿಯಿಂದ ಕ್ಯಾನ್ವಾಸಿಗೆ, ಕ್ಯಾನ್ವಾಸಿನಿಂದ ಕನ್ನಡಿಗೆ ಕಣ್ಣು ಓಡಿಸುತ್ತ ಅಳತೆ ನೋಡುವವನ ಹುಬ್ಬು ತಾನಾಗಿಯೇ ಕೂಡಿಕೊಳ್ಳುತ್ತದೆ, ಹಣೆಯಲ್ಲಿ ಗೆರೆ ಮೂಡುತ್ತದೆ, ತುಟಿ ಬಿಗಿಯುತ್ತದೆ, ನೋಟ ಒಂದೇ ಕಡೆ ನೆಡುತ್ತದೆ. ಇವು ದುಃಖದ ಅನುಭಾವಗಳಂತೆಯೇ ಕಾಣುತ್ತವೆ, ಆದರೆ ಕೆಲಸದ ಗುರುತುಗಳೂ ಆಗಿರಬಹುದು. ಅನುಮಾನವಿದ್ದರೆ ಒಂದು ಸಣ್ಣ ಪ್ರಯೋಗ ಮಾಡಿ. ಕನ್ನಡಿಯ ಮುಂದೆ ಪೆನ್ಸಿಲ್ ಹಿಡಿದು ಕಾಲು ಗಂಟೆ ನಿಮ್ಮ ಮುಖವನ್ನು ಬರೆಯಲು ಯತ್ನಿಸಿ. ಚಿತ್ರ ಹೇಗೆ ಬಂದರೂ ಚಿಂತೆಯಿಲ್ಲ. ಆ ಹೊತ್ತಿನಲ್ಲಿ ಮನೆಯವರೊಬ್ಬರಿಗೆ ನಿಮ್ಮ ಮುಖದ ಫೋಟೊ ತೆಗೆಯಲು ಹೇಳಿ. ಏನೋ ಕಳೆದುಕೊಂಡವರ ಹಾಗೆ ನೀವು ಕಾಣುವ ಸಾಧ್ಯತೆಯೇ ಹೆಚ್ಚು.

ಹಾಗೆಂದು ಕನ್ನಡಿಯ ಮುಂದಿನ ಮುಖವೆಲ್ಲ ಬರಿಯ ಏಕಾಗ್ರತೆ ಎಂದು ಇನ್ನೊಂದು ತುದಿಗೆ ಹೋಗಬಾರದು. 1630ರ ಸುಮಾರಿಗೆ, ಇಪ್ಪತ್ತನಾಲ್ಕರ ಹರೆಯದಲ್ಲಿ, ರೆಂಬ್ರಾಂಟ್ ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ತಾಮ್ರದ ಫಲಕಗಳ ಮೇಲೆ ತನ್ನ ಮುಖವನ್ನು ಕೊರೆದು ಅಚ್ಚು ತೆಗೆದ. ಒಂದರಲ್ಲಿ ಬಾಯಿ ತೆರೆದು ಕಣ್ಣರಳಿಸಿ ಬೆಚ್ಚಿಬಿದ್ದಿದ್ದಾನೆ, ಇನ್ನೊಂದರಲ್ಲಿ ನಗುತ್ತಾನೆ, ಮತ್ತೊಂದರಲ್ಲಿ ಹುಬ್ಬು ಗಂಟಿಕ್ಕಿ ಸಿಡುಕುತ್ತಾನೆ. ಅವನ ಶಿಷ್ಯನಾಗಿದ್ದ ಸ್ಯಾಮುಯೆಲ್ ವಾನ್ ಹೋಗ್‌ಸ್ಟ್ರಾಟನ್ 1678ರಲ್ಲಿ ಪ್ರಕಟಿಸಿದ ಚಿತ್ರಕಲೆಯ ಗ್ರಂಥದಲ್ಲಿ, ಭಾವಗಳನ್ನು ಕಲಿಯಬೇಕಾದವನು ಕನ್ನಡಿಯ ಮುಂದೆ ತಾನೇ ನಟನೂ ತಾನೇ ಪ್ರೇಕ್ಷಕನೂ ಆಗಬೇಕೆಂಬ ಸಲಹೆಯಿದೆ. ಯಕ್ಷಗಾನ, ಭರತನಾಟ್ಯಗಳ ಅಭ್ಯಾಸವನ್ನು ಕಂಡವರಿಗೆ ಇದು ಹೊಸತಲ್ಲ. ಕನ್ನಡಿಯ ಮುಂದೆ ಭಯಾನಕವನ್ನು ತೋರಿಸುವ ಕಲಾವಿದೆ ಭಯಗೊಂಡಿದ್ದಾಳೆಂದು ಯಾರೂ ತಿಳಿಯುವುದಿಲ್ಲ. ಆ ಚಿಕ್ಕ ಮುದ್ರಣಗಳು ಸಂಚಾರಿ ಭಾವಗಳ ಕಸರತ್ತು. ಅವುಗಳಲ್ಲಿ ತರುಣನ ತಳಮಳವನ್ನು ಹುಡುಕುವುದಕ್ಕಿಂತ, ಮುಂದೆ ಇತಿಹಾಸದ, ಬೈಬಲ್ಲಿನ ಚಿತ್ರಗಳಲ್ಲಿ ಬೇಕಾಗುವ ಮುಖಗಳ ತಾಲೀಮನ್ನು ಕಾಣುವುದು ಸರಿಯಾದ ಓದು. ಡಚ್ಚರು ಇಂಥ ಮುಖದ ಅಧ್ಯಯನಗಳನ್ನು ‘ಟ್ರೋನಿ’ ಎಂದು ಕರೆಯುತ್ತಿದ್ದರು, ಅವು ಮಾರುಕಟ್ಟೆಯಲ್ಲಿ ಮಾರಾಟವೂ ಆಗುತ್ತಿದ್ದವು.

ಕೆನ್‌ವುಡ್ ಚಿತ್ರಕ್ಕೆ ಮರಳಿದರೆ, ಅಲ್ಲಿ ಬೆಚ್ಚುವಿಕೆಯಿಲ್ಲ, ನಗುವಿಲ್ಲ, ಸಿಡುಕೂ ಇಲ್ಲ. ಸಂಚಾರಿ ಎನ್ನಬಹುದಾದದ್ದನ್ನೆಲ್ಲ ಒರೆಸಿ ತೆಗೆದಂತಿದೆ. ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ‘ಆ ಗಳಿಗೆಯ’ ಭಾವಗಳೆಂದು ಗುರುತು ಹಾಕಿದ ಪದಗಳನ್ನು ಈಗಲೇ ಅನುಮಾನದಿಂದ ನೋಡಲು ತೊಡಗಬಹುದು.

ಕನ್ನಡಿ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಬಲಗೈಯಲ್ಲಿ ಬರೆಯುವವನು ಕನ್ನಡಿಯಲ್ಲಿ ಎಡಗೈಯವನಾಗಿ ಕಾಣುತ್ತಾನೆ. ಕೆನ್‌ವುಡ್ ಚಿತ್ರದ ಎಕ್ಸ್‌-ರೇ ಪರೀಕ್ಷೆಯಲ್ಲಿ ತಿಳಿದುಬಂದಂತೆ, ರೆಂಬ್ರಾಂಟ್ ಮೊದಲು ಪ್ಯಾಲೆಟ್ಟನ್ನೂ ಕುಂಚಗಳನ್ನೂ ಕನ್ನಡಿಯಲ್ಲಿ ಕಂಡಂತೆ ಎದುರು ಕೈಗೆ ಕೊಟ್ಟಿದ್ದ. ಆಮೇಲೆ ಅದನ್ನು ಮುಚ್ಚಿ, ಅವುಗಳನ್ನು ವಾಸ್ತವದಲ್ಲಿ ಹಿಡಿಯುವ ಕೈಗೆ ವರ್ಗಾಯಿಸಿದ. ಈ ತಿದ್ದುಪಡಿಯನ್ನು ನಾನು ಮುಖದ ಸುಕ್ಕುಗಳಿಗಿಂತ ಹೆಚ್ಚು ನಂಬುತ್ತೇನೆ. ಮುಖದ ಸುಕ್ಕು ವಯಸ್ಸು ಕೊಟ್ಟದ್ದು. ತಿದ್ದುಪಡಿ ಮನುಷ್ಯ ಮಾಡಿದ್ದು. ಕನ್ನಡಿಯಲ್ಲಿ ತನಗೆ ಕಂಡವನನ್ನು ಬಿಟ್ಟು, ಎದುರಿಗೆ ಬಂದು ನಿಂತವರಿಗೆ ಕಾಣುವವನನ್ನು ಅವನು ಆರಿಸಿಕೊಂಡ. ಇದು ತನ್ನೊಳಗೆ ಇಣುಕುವವನ ಚಿತ್ರ ಎಂಬ ಸಾಮಾನ್ಯ ವಿವರಣೆಗೆ ಇಷ್ಟರಿಂದಲೇ ಒಂದು ತೊಡಕು ಎದುರಾಗುತ್ತದೆ.

ಹಂತ 3: ಕುಂಚ ಎಲ್ಲಿ ನಿಂತಿದೆ, ಎಲ್ಲಿ ಓಡಿದೆ ಎಂದು ನೋಡಿ

ಈಗ ಹತ್ತಿರ ಹೋಗಿ. ಪರದೆಯಲ್ಲಾದರೆ ಚಿತ್ರವನ್ನು ಹಿಗ್ಗಿಸಿ. ಮುಖವನ್ನು ಕೊನೆಗೆ ಉಳಿಸಿಕೊಂಡು ಅಂಚುಗಳಿಂದ ಪ್ರಾರಂಭಿಸಿ. ಪ್ಯಾಲೆಟ್ ಹಿಡಿದ ಕೈಯನ್ನು ನೋಡಿದರೆ ಅಲ್ಲಿ ಕೈಯೇ ಇಲ್ಲ; ಕೆಲವು ಅಗಲವಾದ ಎಳೆತಗಳಿವೆ, ಬೆರಳುಗಳಿಗೆ ಆಕಾರವಿಲ್ಲ, ಕುಂಚ ಯಾವುದು ಬೆರಳು ಯಾವುದು ಎಂದು ಬಿಡಿಸಿ ಹೇಳುವುದು ಕಷ್ಟ. ಟೋಪಿಯನ್ನು ದಪ್ಪ ಸೀಸದ ಬಿಳಿಯಲ್ಲಿ ಕೆಲವೇ ಬಲವಾದ ಎಳೆತಗಳಲ್ಲಿ ಮುಗಿಸಲಾಗಿದೆ. ಮುಖಕ್ಕೆ ಬಂದಾಗ ಮಾತ್ರ ವೇಗ ಪೂರ್ತಿ ಬದಲಾಗುತ್ತದೆ: ಪದರದ ಮೇಲೆ ಪದರ, ಕೆಂಪು, ಮಣ್ಣುಬಣ್ಣ, ಬೂದು, ಒಂದರ ಅಂಚು ಇನ್ನೊಂದರಲ್ಲಿ ಕರಗುವಂತೆ.

ಚಿತ್ರವನ್ನು ಪೂರ್ತಿಯಾಗಿಸದೆ ಬಿಟ್ಟಿದ್ದಾನೆಯೇ, ಅಥವಾ ಇಷ್ಟೇ ಸಾಕೆಂದು ನಿಲ್ಲಿಸಿದ್ದಾನೆಯೇ ಎಂಬ ಚರ್ಚೆ ತಜ್ಞರಲ್ಲಿದೆ. ಅದರ ತೀರ್ಮಾನಕ್ಕೆ ನಾವು ಕಾಯಬೇಕಾಗಿಲ್ಲ. ಗಮನ ಎಲ್ಲಿ ಖರ್ಚಾಗಿದೆ ಎಂಬುದು ಎರಡು ಪಕ್ಷದಲ್ಲೂ ಒಂದೇ. ಒಂದು ತೆಳು ಹಾಳೆಯ ಮೇಲೆ ಚಿತ್ರದ ಹೊರಗೆರೆಯನ್ನು ಎಳೆದುಕೊಂಡು, ನಿಧಾನವಾಗಿ ಕಟ್ಟಿದ ಭಾಗಗಳಿಗೆ ಒತ್ತಾದ ಗೀಟು, ವೇಗವಾಗಿ ಬಳಿದ ಭಾಗಗಳಿಗೆ ವಿರಳವಾದ ಗೀಟು ಹಾಕಿ. ಸಿಗುವ ನಕ್ಷೆ ಚಿತ್ರಕಾರ ನಿಮ್ಮನ್ನು ಎಲ್ಲಿ ನಿಲ್ಲಿಸಲು ಬಯಸಿದ ಎಂಬುದನ್ನು ತೋರಿಸುತ್ತದೆ.

ಮುಖದೊಳಗೆ ನೋಡಬೇಕಾದದ್ದು ಬೆಳಕು. ಒಂದು ಕಾಗದದಿಂದ ಮುಖದ ಒಂದು ಅರ್ಧವನ್ನು ಮುಚ್ಚಿ ನೋಡಿ, ನಂತರ ಇನ್ನೊಂದು ಅರ್ಧವನ್ನು. ಬೆಳಕು ಬಿದ್ದ ಅರ್ಧ ಒಂದು ಮಾತನ್ನೂ ನೆರಳಿನ ಅರ್ಧ ಬೇರೊಂದು ಮಾತನ್ನೂ ಹೇಳುತ್ತಿರುವಂತೆ ಅನ್ನಿಸಿದರೆ, ಮುಖ ‘ಗೂಢ’ವೆಂದು ನಿಮಗೆ ಅನ್ನಿಸಿದ್ದರ ಗುಟ್ಟು ಅಲ್ಲಿದೆ. ರೆಂಬ್ರಾಂಟನಿಗೆ ಈ ಉಪಾಯ ಮುಪ್ಪಿನಲ್ಲಿ ಸಿಕ್ಕಿದ್ದಲ್ಲ. ಆಮ್‌ಸ್ಟರ್‌ಡ್ಯಾಮಿನ ರಿಯ್ಕ್ಸ್‌ಮ್ಯೂಸಿಯಂನಲ್ಲಿರುವ, 1628ರ ಸುಮಾರಿನ ಪುಟ್ಟ ಆತ್ಮಭಾವಚಿತ್ರದಲ್ಲಿ ಕಣ್ಣುಗಳೆರಡೂ ನೆರಳಿನಲ್ಲಿ ಮುಳುಗಿವೆ. ಹಸಿಬಣ್ಣದಲ್ಲಿ ಕುಂಚದ ಹಿಂಬದಿಯಿಂದ ಗೀರಿ ಗುಂಗುರು ಕೂದಲನ್ನು ಎಬ್ಬಿಸಿದ್ದಾನೆ. ಇಪ್ಪತ್ತೆರಡರ ಹುಡುಗ ಕಣ್ಣನ್ನು ನೆರಳಿನಲ್ಲಿಟ್ಟರೆ ನಾವದನ್ನು ಜಾಣ್ಮೆ ಎನ್ನುತ್ತೇವೆ, ಅರವತ್ತರ ಮುದುಕ ಇಟ್ಟರೆ ವಿಷಾದ ಎನ್ನುತ್ತೇವೆ.

ಹಂತ 4: ಕಾಲ ಮಾಡಿದ್ದನ್ನು ಕಲಾವಿದನ ಲೆಕ್ಕಕ್ಕೆ ಬರೆಯಬೇಡಿ

ಮೂರೂವರೆ ಶತಮಾನ ಹಳೆಯ ಚಿತ್ರ ಬರೆದಾಗಿನಂತೆ ಇರುವುದಿಲ್ಲ. ಮೇಲೆ ಹಚ್ಚಿದ ವಾರ್ನಿಷ್ ಹಳದಿಗಟ್ಟಿ ಕಂದಾಗುತ್ತದೆ. ಗಾಜಿನ ಪುಡಿಯಿಂದ ಮಾಡುವ ಸ್ಮಾಲ್ಟ್ ಎಂಬ ನೀಲಿ ಎಣ್ಣೆಯಲ್ಲಿ ತನ್ನ ಬಣ್ಣ ಕಳೆದುಕೊಂಡು ಬೂದಾಗುತ್ತದೆ, ಇದನ್ನು ರೆಂಬ್ರಾಂಟ್ ಕೊನೆಯ ವರ್ಷಗಳಲ್ಲಿ ಧಾರಾಳವಾಗಿ ಬಳಸಿದ. ಹಿಂಬದಿಗೆ ಹೊಸ ಬಟ್ಟೆ ಅಂಟಿಸುವಾಗ ಕೊಟ್ಟ ಶಾಖಕ್ಕೂ ಒತ್ತಡಕ್ಕೂ ದಪ್ಪ ಬಣ್ಣದ ಏರುಗಳು ಚಪ್ಪಟೆಯಾಗುತ್ತವೆ. ಬಣ್ಣ ಮಂಕಾದದ್ದನ್ನೇ ಮನಸ್ಸಿನ ಮಂಕೆಂದು ಓದಿದರೆ ಎಂಥ ಎಡವಟ್ಟಾಗುತ್ತದೆ ಎಂಬುದಕ್ಕೆ ಅವನದೇ 1642ರ ದೊಡ್ಡ ಗುಂಪುಚಿತ್ರ ಸಾಕ್ಷಿ. ವಾರ್ನಿಷ್ ಕಪ್ಪಾದ ಮೇಲೆ ಅದಕ್ಕೆ ‘ರಾತ್ರಿ ಕಾವಲು’ ಎಂಬ ಹೆಸರು ಬಂತು. ಎರಡನೇ ಮಹಾಯುದ್ಧದ ನಂತರ ಸ್ವಚ್ಛಗೊಳಿಸಿದಾಗ ಅದು ಹಗಲಿನ ದೃಶ್ಯವೆಂದು ಕಂಡಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು. ಪರದೆಯಲ್ಲಿ ನೋಡುವವರು ಒಂದೇ ಚಿತ್ರದ ಎರಡು ಮೂರು ಪ್ರತಿಗಳನ್ನು ಹೋಲಿಸಬೇಕು, ಸಾಧ್ಯವಾದಷ್ಟೂ ಸಂಗ್ರಹಾಲಯವೇ ಪ್ರಕಟಿಸಿದ ಪ್ರತಿಯನ್ನು ಆಧಾರವಾಗಿಟ್ಟುಕೊಳ್ಳಬೇಕು.

ಹಂತ 5: ಯಾರಿಗಾಗಿ ಬರೆದದ್ದೆಂದು ಕೇಳಿ

ರೆಂಬ್ರಾಂಟ್ ತನ್ನನ್ನು ಸುಮಾರು ನಲವತ್ತು ಬಾರಿ ಎಣ್ಣೆಬಣ್ಣದಲ್ಲಿ, ಮೂವತ್ತರಷ್ಟು ಬಾರಿ ತಾಮ್ರದ ಮುದ್ರಣಗಳಲ್ಲಿ ಚಿತ್ರಿಸಿಕೊಂಡ. ಈ ಸಂಖ್ಯೆಯನ್ನು ಕೇಳಿದವರಿಗೆ ಇದೊಂದು ಬಣ್ಣದ ದಿನಚರಿ ಎನ್ನಿಸುವುದು ಸಹಜ. ಆದರೆ ದಿನಚರಿಯನ್ನು ಯಾರೂ ಮಾರುವುದಿಲ್ಲ, ಇವು ಮಾರಾಟವಾಗುತ್ತಿದ್ದವು. ಹೆಸರಾಂತ ಕಲಾವಿದನ ಮುಖ ಅವನದೇ ಕೈಯಲ್ಲಿ ಬರೆದದ್ದಾಗಿದ್ದರೆ, ಕೊಳ್ಳುವವನಿಗೆ ಮನುಷ್ಯನೂ ಅವನ ಕುಸುರಿಯೂ ಒಂದೇ ಚೌಕಟ್ಟಿನಲ್ಲಿ ಸಿಕ್ಕಂತೆ. ಇಂಗ್ಲೆಂಡಿನ ದೊರೆ ಒಂದನೆಯ ಚಾರ್ಲ್ಸನ ಸಂಗ್ರಹಕ್ಕೆ 1630ರ ದಶಕದಲ್ಲೇ ತರುಣ ರೆಂಬ್ರಾಂಟನ ಆತ್ಮಭಾವಚಿತ್ರವೊಂದು ಸೇರಿತ್ತು. ಅದೀಗ ಲಿವರ್‌ಪೂಲಿನ ವಾಕರ್ ಆರ್ಟ್ ಗ್ಯಾಲರಿಯಲ್ಲಿದೆ. ಫ್ಲಾರೆನ್ಸಿನ ಮೆಡಿಚಿ ಮನೆತನದ ರಾಜಕುಮಾರ ಕೋಸಿಮೊ 1667ರ ಡಿಸೆಂಬರಿನಲ್ಲಿ, ಅಂದರೆ ನಮ್ಮ ಚಿತ್ರ ಬರೆದಿರಬಹುದಾದ ಕಾಲದಲ್ಲೇ, ಕಲಾವಿದನ ಮನೆಗೆ ಬಂದು ಹೋದ.

ಭಂಗಿಗೂ ವಂಶಾವಳಿ ಇರುತ್ತದೆ. 1640ರ, ಮೂವತ್ತನಾಲ್ಕರ ವಯಸ್ಸಿನ ಆತ್ಮಭಾವಚಿತ್ರದಲ್ಲಿ (ಇದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ) ಅವನು ಕಟ್ಟೆಯ ಮೇಲೆ ತೋಳಿಟ್ಟು ನೆಮ್ಮದಿಯ ಗತ್ತಿನಿಂದ ನೋಡುತ್ತಾನೆ. ಆ ಗತ್ತು ಸ್ವಭಾವದ್ದೆಂದು ಬರೆದುಕೊಳ್ಳುವ ಮೊದಲು ತಿಳಿಯಬೇಕಾದದ್ದು: 1639ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಹರಾಜಿಗೆ ಬಂದ ಇಟಲಿಯ ಚಿತ್ರಕಾರ ರಾಫೆಲ್ ಬರೆದ, ಕಾಸ್ಟಿಲಿಯೋನೆ ಎಂಬ ಆಸ್ಥಾನಿಕನ ಭಾವಚಿತ್ರವನ್ನು ಅವನು ಗೀಚಿಕೊಂಡಿದ್ದ, ತೋಳಿನ ಭಂಗಿ ಟಿಷಿಯನ್ನನ ಚಿತ್ರವೊಂದರಿಂದ ಬಂದದ್ದು. ಗತ್ತು ಸುಳ್ಳಲ್ಲ, ಆದರೆ ಅದು ಇಟಲಿಯ ಗುರುಗಳ ಸಾಲಿನಲ್ಲಿ ತನಗೊಂದು ಜಾಗ ಕೇಳುವವನ ಗತ್ತು. ಕೆನ್‌ವುಡ್ ಚಿತ್ರದಲ್ಲಿ ಅಂಥ ವೇಷವಿಲ್ಲ. ಅಲ್ಲಿರುವುದು ಕೆಲಸದ ಟೋಪಿ, ಕೆಲಸದ ಸಲಕರಣೆ.

ಹಂತ 6: ಒಂದು ಮುಖವನ್ನು ಇನ್ನೊಂದರ ಪಕ್ಕದಲ್ಲಿಡಿ

ಒಂದೇ ಚಿತ್ರದಿಂದ ಸ್ವಭಾವ ತಿಳಿಯುವುದಿಲ್ಲ. ಸ್ಥಾಯಿ ಯಾವುದೆಂದು ತಿಳಿಯಲು ಹಲವು ಬಾರಿ ಮರಳಿ ಬಂದದ್ದನ್ನು ಹುಡುಕಬೇಕು. ಕೆನ್‌ವುಡ್ ಚಿತ್ರದ ಎಡಕ್ಕೆ ನ್ಯೂಯಾರ್ಕಿನ ಫ್ರಿಕ್ ಸಂಗ್ರಹದಲ್ಲಿರುವ 1658ರ ಆತ್ಮಭಾವಚಿತ್ರವನ್ನೂ ಬಲಕ್ಕೆ ನ್ಯಾಷನಲ್ ಗ್ಯಾಲರಿಯ 1669ರ ಆತ್ಮಭಾವಚಿತ್ರವನ್ನೂ ಇಟ್ಟುಕೊಳ್ಳಿ. ಫ್ರಿಕ್‌ನಲ್ಲಿ ಅವನು ಹೊಂಬಣ್ಣದ ಉಡುಪಿನಲ್ಲಿ, ಕೈಯಲ್ಲಿ ಕೋಲು ಹಿಡಿದು, ಸಿಂಹಾಸನದಲ್ಲಿ ಕೂತವನಂತೆ ಕೂತಿದ್ದಾನೆ. 1669ರದ್ದರಲ್ಲಿ ಕೈಗಳು ಜೋಡಿಕೊಂಡು ಸುಮ್ಮನಿವೆ. ಎಕ್ಸ್‌-ರೇಯಲ್ಲಿ ಕಂಡಂತೆ ಆ ಕೈಗಳಲ್ಲಿ ಮೊದಲು ಕುಂಚವಿತ್ತು. ಅದನ್ನು ಅಳಿಸಿ ಕೈ ಜೋಡಿಸಿದ. ಕೆನ್‌ವುಡ್‌ನಲ್ಲಿ ಸಲಕರಣೆಗಳನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಯಾದರೂ ಉಳಿಸಿಕೊಂಡವನು, ಇಲ್ಲಿ ಅವುಗಳನ್ನು ಪೂರ್ತಿ ಕೈಬಿಟ್ಟ. ಈ ಮೂರೂ ಚಿತ್ರಗಳಲ್ಲಿ ಬದಲಾಗದೆ ಉಳಿದದ್ದು ನೋಟ: ನೇರ, ಅವಸರವಿಲ್ಲದ, ನಮ್ಮಿಂದ ಏನನ್ನೂ ಬೇಡದ ನೋಟ. ಸ್ಥಾಯಿ ಎಂದು ನಾನು ಗುರುತು ಹಾಕುವುದು ಇದಕ್ಕೆ ಮಾತ್ರ.

ಹಂತ 7: ಜೀವನಚರಿತ್ರೆಯನ್ನು ಕೊನೆಗೆ ತೆರೆಯಿರಿ

ಈಗ ಫಲಕವನ್ನೂ ಪುಸ್ತಕವನ್ನೂ ಓದಬಹುದು. 1639ರಲ್ಲಿ 13,000 ಗಿಲ್ಡರ್‌ಗೆ ಒಪ್ಪಿಕೊಂಡ ಮನೆಯ ಸಾಲ ತೀರಲಿಲ್ಲ. 1656ರಲ್ಲಿ ದಿವಾಳಿಯಾಗಿ, ಆಸ್ತಿಯ ಪಟ್ಟಿಯಲ್ಲಿ 363 ಬಾಬ್ತುಗಳನ್ನು ಬರೆಯಲಾಯಿತು. ಮನೆ 1658ರಲ್ಲಿ 11,218 ಗಿಲ್ಡರ್‌ಗೆ ಹೋಯಿತು. ಬಾಳಸಂಗಾತಿ ಹೆಂಡ್ರಿಕ್ಯೆ 1663ರಲ್ಲಿ, ಮಗ ಟೈಟಸ್ 1668ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಈ ವಿವರಗಳನ್ನು ಮೊದಲೇ ಓದಿ ಚಿತ್ರದ ಮುಂದೆ ನಿಂತವರಿಗೆ ದುಃಖವಲ್ಲದೆ ಬೇರೇನು ಕಂಡೀತು?

ಈಗ ಒಂದೊಂದನ್ನೂ ಒರೆಗೆ ಹಚ್ಚಿ. ಮನೆ ಕೈತಪ್ಪಿದ ವರ್ಷವೇ ಫ್ರಿಕ್‌ನ ರಾಜಗಾಂಭೀರ್ಯದ ವರ್ಷ. ಬದುಕಿನ ಘಟನೆಯೂ ಚಿತ್ರದ ಭಾವವೂ ಎದುರುಬದುರು ನಿಂತಿವೆ. ಅದು ಸೋಲನ್ನು ಮುಚ್ಚುವ ಪ್ರಯತ್ನವೆಂದು ಕೆಲವರು ವಿವರಿಸಬಹುದು. ಆದರೆ ದೈನ್ಯ ಕಂಡರೂ ಗತ್ತು ಕಂಡರೂ ಸೋಲೇ ಕಾರಣವೆನ್ನುವ ವಿವರಣೆ ಯಾವ ಚಿತ್ರಕ್ಕಾದರೂ ಹೊಂದುತ್ತದೆ, ಹಾಗಾಗಿ ಯಾವ ಚಿತ್ರವನ್ನೂ ವಿವರಿಸುವುದಿಲ್ಲ. ಕೆನ್‌ವುಡ್ ಚಿತ್ರದ ಮುಖದಲ್ಲಿ ಪುತ್ರಶೋಕವನ್ನು ಕಾಣುವವರಿಗೆ ಇರುವ ಅಡ್ಡಿ ಇನ್ನೂ ನೇರವಾದದ್ದು. ಚಿತ್ರಕ್ಕೆ ತಾರೀಕಿಲ್ಲ. 1665ರಲ್ಲಿ ಬರೆದದ್ದಾದರೆ ಟೈಟಸ್ ಆಗ ಬದುಕಿದ್ದ.

ವೃತ್ತಗಳ ಬಗ್ಗೆ ಒಂದು ಮಾತು

ಹಿನ್ನೆಲೆಯ ಬಾಗುಗೆರೆಗಳನ್ನು ಕುರಿತು ಊಹೆಗಳು ಹಲವು: ಕೈವಾರವಿಲ್ಲದೆ ಪರಿಪೂರ್ಣ ವೃತ್ತ ಎಳೆದನೆಂಬ, ಇಟಲಿಯ ಹಳೆಯ ಚಿತ್ರಕಾರ ಜೊತ್ತೊನ ಕಥೆ, ಪ್ರಪಂಚದ ಎರಡು ಗೋಳಾರ್ಧಗಳ ಗೋಡೆನಕ್ಷೆ, ಗೂಢ ಸಂಕೇತಗಳು ಇತ್ಯಾದಿ. ಯಾವುದೂ ಸಾಬೀತಾಗಿಲ್ಲ. ನನಗೆ ಕಾಣುವ ಉಪಯೋಗ ಸರಳವಾದದ್ದು. ತ್ರಿಕೋನದಂತೆ ಕೂತ ದೇಹಕ್ಕೆ ಆ ಎರಡು ಬಾಗುಗಳು ಇಬ್ಬದಿಯಿಂದ ಆನಿಕೆ ಕೊಡುತ್ತವೆ, ಮುಖ ಅಲುಗದಂತೆ ನಿಲ್ಲುತ್ತದೆ. ಕೈಯಾಡಿಸಿ ಅವನ್ನು ಮರೆಮಾಡಿ ನೋಡಿದರೆ ಇದು ಗೊತ್ತಾಗುತ್ತದೆ. ಸಂಕೇತಗಳ ಬೆನ್ನು ಹತ್ತಿದರೆ ಮುಖ ಮರೆತುಹೋಗುತ್ತದೆಯಾದ್ದರಿಂದ ಇಲ್ಲಿ ಹೆಚ್ಚು ಹೊತ್ತು ಕಳೆಯಬೇಡಿ.

ಹಂತ 8: ಓದನ್ನು ಬರಹಕ್ಕಿಳಿಸುವುದು

ಮೊದಲ ಹಾಳೆಯನ್ನು ಮತ್ತೆ ತೆಗೆಯಿರಿ. ಬಲಭಾಗದಲ್ಲಿ ಉಳಿದ ಪದಗಳನ್ನು ಮಾತ್ರ ಬಳಸಿ, ಪ್ರತಿ ವಾಕ್ಯದಲ್ಲೂ ಸಾಕ್ಷಿಯನ್ನು ಪಕ್ಕದಲ್ಲೇ ಇಟ್ಟು ಬರೆಯಿರಿ. ಖಚಿತವಾದದ್ದಕ್ಕೆ ‘ಇದೆ’, ತರ್ಕದಿಂದ ಬಂದದ್ದಕ್ಕೆ ‘ಎಂದು ತೋರುತ್ತದೆ’, ಅನಿಸಿಕೆಗೆ ‘ನನಗೆ ಹೀಗೆ ಕಾಣುತ್ತದೆ’ ಎಂಬ ಕ್ರಿಯಾಪದಗಳನ್ನು ಬೆರೆಸದೆ ಬಳಸಿದರೆ ಓದುಗರಿಗೂ ನಿಮಗೂ ಅನುಕೂಲ. ನನ್ನ ಹಾಳೆಯಲ್ಲಿ ಉಳಿದದ್ದು ಇಷ್ಟು:

‘ಮುಖವನ್ನು ಪದರಪದರವಾಗಿ ಕಟ್ಟಲಾಗಿದೆ, ಕೈಯನ್ನು ಕೆಲವೇ ಎಳೆತಗಳಲ್ಲಿ ಬಿಡಲಾಗಿದೆ. ಸಲಕರಣೆಗಳನ್ನು ಕನ್ನಡಿಯ ಕೈಯಿಂದ ನಿಜವಾದ ಕೈಗೆ ಬದಲಿಸಲಾಗಿದೆ. ಆದ್ದರಿಂದ ಇವನು ತನ್ನ ಪ್ರತಿಬಿಂಬವನ್ನು ಒಪ್ಪಿಸದೆ, ಕೆಲಸದ ನಡುವೆ ಇತರರಿಗೆ ತಾನು ಕಾಣುವ ಬಗೆಯನ್ನು ಒಪ್ಪಿಸುತ್ತಿದ್ದಾನೆಂದು ತೋರುತ್ತದೆ. ಹುಬ್ಬಿನ ಗಂಟು ಅಳತೆ ನೋಡುವವನದು. ನೋಟದಲ್ಲಿ ನನಗೆ ದುಃಖ ಕಾಣುವುದಿಲ್ಲ. ಕೆಲಸಕ್ಕೆ ಅಡ್ಡಬಂದವರು ಹೋಗಲೆಂದು ಸೌಜನ್ಯದಿಂದ ಕಾಯುವವನ ತಾಳ್ಮೆ ಕಾಣುತ್ತದೆ.’

ಕೊನೆಯ ಎರಡು ವಾಕ್ಯಗಳು ಅನಿಸಿಕೆಯೇ ಹೊರತು ಸಾಕ್ಷಿಯಲ್ಲ, ಅದಕ್ಕಾಗಿಯೇ ‘ನನಗೆ’ ಎಂಬ ಪದ ಅಲ್ಲಿದೆ. ಹಾಳೆಯನ್ನು ಎತ್ತಿಟ್ಟು, ಕೆಲವು ತಿಂಗಳ ಮೇಲೆ ಅದನ್ನು ನೋಡದೆ ಇನ್ನೊಮ್ಮೆ ಮೊದಲ ಹಂತದಿಂದ ಮಾಡಿ, ಎರಡು ಹಾಳೆಗಳನ್ನೂ ಹೋಲಿಸಿ; ಎಡಭಾಗಗಳು ಬಹುತೇಕ ಒಂದೇ ಆಗಿದ್ದು ಬಲಭಾಗಗಳು ಬೇರೆಯಾಗಿದ್ದರೆ, ಆ ವ್ಯತ್ಯಾಸವನ್ನು ರೆಂಬ್ರಾಂಟನ ಖಾತೆಗೆ ಬರೆಯದೆ ನಿಮ್ಮ ಖಾತೆಗೆ ಬರೆದುಕೊಳ್ಳಿ.